ಭರತಪುರದ ಬೇಟೆಗಲ್ಲು

ಊರಿನಿಂದ ಹಿರಿಯರು ದೆಹಲಿಗೆ ಬಂದರೆಂದರೆ ಅವರಿಗೆ ಏನೇನು ತೋರಿಸಬೇಕೆಂಬುದಕ್ಕೆ ನಮ್ಮಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ಒಂದು ಪಟ್ಟಿ ಸಿದ್ಧವಾಗಿರುತ್ತದೆ. ಕೆಂಪು ಕೋಟೆ, ಕುತುಬ್ ಮಿನಾರು, ಬಿರ್ಲಾ ಮಂದಿರ, ರಾಜಘಾಟು. ಕಾಲಿನಲ್ಲಿ ಶಕ್ತಿಯಿದ್ದರೆ ಆಗ್ರಾ, ಮನಸ್ಸಿನಲ್ಲಿ ಭಕ್ತಿಯಿದ್ದರೆ ಮಥುರೆ, ಹರಿದ್ವಾರ. ಕಳೆದ ನವೆಂಬರಿನಲ್ಲಿ ನಮ್ಮ ಮಾವನವರು ತೀರ್ಥಹಳ್ಳಿಯ ಕಡೆಯ ತಮ್ಮ ಹಳ್ಳಿಯಿಂದ ಬಂದಾಗ ಈ ಪಟ್ಟಿಯನ್ನು ನಾವು ಶ್ರದ್ಧೆಯಿಂದ ಅನುಸರಿಸಿದೆವು. ಎಪ್ಪತ್ತೆಂಟು ವರ್ಷದ ಅವರು ಎಲ್ಲವನ್ನೂ ನೋಡಿದರು, ಎಲ್ಲದಕ್ಕೂ ‘ಚೆನ್ನಾಗಿದೆ’ ಎಂದರು, ಮನೆಗೆ ಬಂದು ನಮ್ಮ ಸರ್ಕಾರಿ ವಸತಿಯ ಮೂರನೆಯ ಮಹಡಿಯ ಮೊಗಸಾಲೆಯಲ್ಲಿ ಕುಳಿತು ಎದುರಿನ ಬೇವಿನ ಮರವನ್ನೇ ನೋಡಿದರು. ನಾಲ್ಕನೆಯ ದಿನ ಮಗಳನ್ನು ಕರೆದು, “ಅಲ್ಲ ಮಾರಾಯ್ತಿ, ಈ ಸೀಮೆಯಲ್ಲಿ ಕಾಡು ಎನ್ನುವುದು ಎಲ್ಲೂ ಇಲ್ಲವೇನೆ?” ಎಂದರು.

ಆ ಪ್ರಶ್ನೆಯ ಹಿಂದೆ ಇನ್ನೊಂದು ವಿಷಯವಿತ್ತು. ಮಾವನವರು ಪ್ರಾಯದಲ್ಲಿ ಬೇಟೆಗಾರರು. ಅವರ ಪೆಟ್ಟಿಗೆಯಲ್ಲಿ ಪಂಚೆ, ಶಾಲು, ಮಾತ್ರೆಗಳ ಡಬ್ಬಿಯ ಕೆಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಒಂದು ಹಳೆಯ ಪುಸ್ತಕವಿತ್ತು: ಅವರ ತೋಟಾ ಕೋವಿಯ ಲೈಸೆನ್ಸು. ಅವರಿಗೆ ಗಂಡು ಮಕ್ಕಳಿಲ್ಲ. ಈಗಿನ ನಿಯಮದ ಪ್ರಕಾರ ಎಪ್ಪತ್ತು ವರ್ಷ ದಾಟಿದವರು ತಮ್ಮ ಕೋವಿಯನ್ನು ಮನೆಯವರಲ್ಲೊಬ್ಬರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು, ಅಳಿಯನಿಗೂ ಆಗುತ್ತದೆ. “ನೀವು ಸರ್ಕಾರದ ಕಚೇರಿಯಲ್ಲೇ ಇರುವವರು, ಕಾಗದಪತ್ರ ನಿಮಗೆ ನೀರು ಕುಡಿದಷ್ಟು ಸುಲಭ” ಎಂದು ಅವರು ಬಂದ ದಿನವೇ ಸೂಚಿಸಿದ್ದರು. ನಾವು ಬಯಲುಸೀಮೆಯವರು. ಕೋವಿಯನ್ನು ಇದುವರೆಗೆ ಕೈಯಲ್ಲಿ ಹಿಡಿದವರಲ್ಲ. ಹಿಡಿಯುವ ಆಸೆಯೂ ಇರಲಿಲ್ಲ. ಆದರೆ ಹೆಣ್ಣು ಕೊಟ್ಟ ಮಾವನವರಿಗೆ ‘ಬೇಡ’ ಎನ್ನುವ ಧೈರ್ಯವೂ ಇರಲಿಲ್ಲ. ಹತ್ತು ವರ್ಷದ ನಮ್ಮ ಮಗನಿಗೆ ಮಾತ್ರ ಮಹದಾನಂದ. ಅಜ್ಜಯ್ಯನ ಕೋವಿ ದೆಹಲಿಗೆ ಬರುತ್ತದೆಂದು ಅವನು ಆಗಲೇ ಶಾಲೆಯಲ್ಲಿ ಸಾರಿಬಿಟ್ಟಿದ್ದ.

ಲೈಸೆನ್ಸಿನ ಪುಸ್ತಕವನ್ನು ನಾವು ಬಿಡಿಸಿ ನೋಡಿದೆವು. ಗುಮಾಸ್ತನ ಕಣ್ಣು ಮೊದಲು ಹೋಗುವುದು ನಮೂನೆಯ ತಲೆಬರಹದ ಮೇಲೆ. 1962ರ ಆಯುಧ ನಿಯಮಗಳ ಕಾಲದ ಆ ಮೂರನೆಯ ನಮೂನೆಯಲ್ಲಿ ಕೋವಿ ಯಾವುದಕ್ಕೆಂದು ಅಚ್ಚಾಗಿಯೇ ಇರುತ್ತಿತ್ತು: ಕ್ರೀಡೆ, ರಕ್ಷಣೆ, ಪ್ರದರ್ಶನ. ಬೆಳೆಗೆ ಹಾನಿ ಮಾಡುವ ಪ್ರಾಣಿಗಳನ್ನು ಕೊಲ್ಲುವುದಕ್ಕೆ ಬೇರೆಯದೇ, ನಾಲ್ಕನೆಯ ನಮೂನೆ. ಮಾವನವರದು ಮೂರನೆಯದು. ಅಂದರೆ ‘ಕ್ರೀಡೆ’ಗಾಗಿ ಬೇಟೆಯಾಡಲು ಕೋವಿಯನ್ನಿಟ್ಟುಕೊಳ್ಳಬಹುದೆಂದು ಆ ಪುಸ್ತಕ ಇವತ್ತಿಗೂ ಹೇಳುತ್ತದೆ. ಎಲ್ಲಿ ಆಡಬೇಕೆಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಈ ಸಂಗತಿ ಆಗ ನಮಗೆ ಅಷ್ಟಾಗಿ ಹೊಳೆಯಲಿಲ್ಲ.

ಕಚೇರಿಯ ಮಿತ್ರರೊಬ್ಬರು ಭರತಪುರದ ಹೆಸರು ಹೇಳಿದರು. ರಾಜಸ್ಥಾನದ ಅಂಚಿನಲ್ಲಿ, ದೆಹಲಿಯಿಂದ ಸುಮಾರು ನೂರ ಎಂಬತ್ತು ಕಿಲೋಮೀಟರು. ರೈಲಿನಲ್ಲಿ ಮೂರು ಗಂಟೆಯ ದಾರಿ. ಶನಿವಾರ ಹೋಗಿ ಭಾನುವಾರ ಬರಬಹುದು. ರಜೆಯ ಖಾತೆಯಿಂದ ಒಂದು ದಿನವೂ ಖರ್ಚಾಗದು. ಗುಮಾಸ್ತರಿಗೆ ಇದಕ್ಕಿಂತ ಯೋಗ್ಯವಾದ ಯಾತ್ರಾಸ್ಥಳ ಬೇರೆ ಯಾವುದು? ಡಿಸೆಂಬರಿನ ಎರಡನೆಯ ಶನಿವಾರ ಹೊರಟೆವು. ಮೂರು ಗಂಟೆಯ ದಾರಿಯನ್ನು ಮಂಜು ಐದು ಗಂಟೆ ಮಾಡಿತು. ಚಳಿಗಾಲದಲ್ಲಿ ಹೋಗುವ ವಾಚಕರು ಇದನ್ನು ನೆನಪಿಟ್ಟುಕೊಂಡು ಬುತ್ತಿಯನ್ನು ಕೊಂಚ ಹೆಚ್ಚಾಗಿ ಕಟ್ಟಿಕೊಳ್ಳುವುದು ಒಳ್ಳೆಯದು. ಮಥುರೆಯ ಹತ್ತಿರ ರೈಲು ನಿಂತುಕೊಂಡಿದ್ದಾಗ ನಮ್ಮ ಶ್ರೀಮತಿ ತಂದಿದ್ದ ಅಕ್ಕಿರೊಟ್ಟಿಯೂ ಬೆಲ್ಲದ ಕಾಫಿಯೂ ನಮ್ಮನ್ನು ಕಾಪಾಡಿದವು.

ಊರಿನ ಜನ ಆ ಕಾಡನ್ನು ‘ಘನಾ’ ಎನ್ನುತ್ತಾರೆ. ದಟ್ಟವಾದದ್ದು ಎಂದು ಅರ್ಥ. ಒಳಗೆ ಕೇವಲಾದೇವನೆಂಬ ಶಿವನ ಚಿಕ್ಕ ಗುಡಿಯಿರುವುದರಿಂದ ಸರ್ಕಾರದ ಹೆಸರು ಕೇವಲಾದೇವ ರಾಷ್ಟ್ರೀಯ ಉದ್ಯಾನ. ವಿಸ್ತಾರ ಹೆಚ್ಚಿಲ್ಲ, ಇಪ್ಪತ್ತೊಂಬತ್ತು ಚದರ ಕಿಲೋಮೀಟರಿಗೂ ಸ್ವಲ್ಪ ಕಡಿಮೆ. ಸುತ್ತಲೂ ಆಳೆತ್ತರದ ಕಲ್ಲಿನ ಗೋಡೆ. ಮಲೆನಾಡಿನ ಮಾವನವರು ಗೋಡೆಯನ್ನು ಕಂಡು, “ಕಾಡಿಗೆ ಕಾಂಪೌಂಡೇ!” ಎಂದು ನಿಂತುಬಿಟ್ಟರು. ಬಾಗಿಲಿನಲ್ಲಿ ಸರತಿಯಲ್ಲಿ ನಿಂತು ಚೀಟಿ ಪಡೆದೆವು. ಚೀಟಿಯಿದ್ದವರು ನಡೆದೋ, ಸೈಕಲ್ಲು ತುಳಿದೋ, ರಿಕ್ಷಾ ಹಿಡಿದೋ ಒಳಗೆ ಹೋಗಬಹುದು. ನಮಗೆ ಸಿಕ್ಕ ಸೈಕಲ್ ರಿಕ್ಷಾದವನು ಐವತ್ತು ದಾಟಿದ ಗಟ್ಟಿ ಆಳು, ಗೋಡೆಯಾಚೆಯ ಹಳ್ಳಿಯವನೇ. ಹಕ್ಕಿಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಾನೆ, ಬೆಲೆಯನ್ನು ಹಿಂದಿಯಲ್ಲಿ ಹೇಳುತ್ತಾನೆ. ಇಲಾಖೆಯವರು ಇಲ್ಲಿಯ ರಿಕ್ಷಾದವರಿಗೆ ಹಕ್ಕಿ ಗುರುತಿಸುವ ತರಬೇತಿ ಕೊಟ್ಟಿದ್ದಾರೆ. ನಮ್ಮವನ ಕಣ್ಣು ಎಂಥದೆಂದರೆ, ನಮಗೆ ಮುಳ್ಳಿನ ಪೊದೆಯಷ್ಟೇ ಕಂಡಲ್ಲಿ ಅವನು ಗೂಬೆಯ ಎರಡು ಕಣ್ಣನ್ನು ತೋರಿಸಿದ.

ಮಾವನವರೂ ಹುಡುಗನೂ ಅವನ ರಿಕ್ಷಾದಲ್ಲಿ. ನಾವೂ ಶ್ರೀಮತಿಯೂ ಹಿಂದೆ ಬಾಡಿಗೆಯ ಸೈಕಲ್ಲುಗಳ ಮೇಲೆ. ರಸ್ತೆ ನೀರಿನ ನಡುವೆ ಏರಿಯ ಮೇಲೆ ನೇರವಾಗಿ ಹೋಗುತ್ತದೆ. ಎರಡು ಕಡೆಯೂ ತಿಳಿನೀರು, ನೀರಿನಲ್ಲಿ ಕರೀಜಾಲಿಯ ಮರಗಳು, ಮರದ ತುಂಬ ಬಣ್ಣದ ಕೊಕ್ಕರೆಯ ಮರಿಗಳ ಗಲಾಟೆ. ರೆಕ್ಕೆ ಹರಡಿ ಬಿಸಿಲು ಕಾಯಿಸುವ ನೀರುಕಾಗೆ, ಕತ್ತನ್ನು ಮಾತ್ರ ನೀರಿನ ಮೇಲಿಟ್ಟು ಸಾಗುವ ಹಾವಕ್ಕಿ, ಹಣೆಗೆ ಬಿಳಿಯ ನಾಮವಿಟ್ಟುಕೊಂಡ ನಾಮದ ಕೋಳಿಗಳ ಹಿಂಡು. ದೂರದಲ್ಲಿ ಎರಡು ಸಾರಸಗಳು, ಆಳಿನಷ್ಟು ಎತ್ತರ, ಹುಲ್ಲಿನಲ್ಲಿ ಯಜಮಾನರಂತೆ ಹೆಜ್ಜೆಯಿಡುತ್ತಿದ್ದವು. ಬಾತುಗಳ ಲೆಕ್ಕವನ್ನಂತೂ ಕೇಳಲೇಬೇಡಿ. ಸೂಜಿಬಾಲದವು, ಚಮಚದ ಕೊಕ್ಕಿನವು, ಮಧ್ಯ ಏಷಿಯಾದಿಂದ ಹಿಮಾಲಯ ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು. ಮಾವನವರ ಮುಖ ಅರಳಿತು. ಒಂದು ಹಿಂಡು ರೆಕ್ಕೆ ಬಡಿದು ಮೇಲೆದ್ದಾಗ ಅವರ ಬಲಗೈ ತಾನಾಗಿಯೇ ಹೆಗಲ ಕಡೆಗೆ ಹೋದುದನ್ನು ನಾವು ಹಿಂದಿನಿಂದ ನೋಡಿದೆವು. ನೋಡದಂತೆ ಇದ್ದೆವು.

ಇದೆಲ್ಲ ಹುಟ್ಟುಕಾಡು ಎಂದು ನಾವು ತಿಳಿದಿದ್ದೆವು. ಹಾಗಲ್ಲ. ಹದಿನೆಂಟನೆಯ ಶತಮಾನದಲ್ಲಿ ಜಾಟ ದೊರೆ ಸೂರಜಮಲ್ಲನು ಗಂಭೀರ ಮತ್ತು ಬಾಣಗಂಗಾ ನದಿಗಳ ನೆರೆಯನ್ನು ತಡೆಯಲು ಅಜಾನ್ ಎಂಬ ಕಟ್ಟೆ ಕಟ್ಟಿಸಿದ. ಆ ನೀರು ಈ ತಗ್ಗಿನಲ್ಲಿ ನಿಲ್ಲತೊಡಗಿತು. ನೀರನ್ನು ಕಂಡು ಹಕ್ಕಿ ಬಂದವು. ಹಕ್ಕಿಯನ್ನು ಕಂಡು, ಬಹಳ ಕಾಲದ ಮೇಲೆ, ಬೇಟೆಗಾರರು ಬಂದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಂಸ್ಥಾನದವರು ಕಾಲುವೆ ತೋಡಿಸಿ, ಒಳಗೆ ಏರಿಗಳನ್ನು ಹಾಕಿಸಿ, ನೀರನ್ನು ಬೇಕಾದಲ್ಲಿ ನಿಲ್ಲಿಸುವ ಏರ್ಪಾಟು ಮಾಡಿದರು. ದೊರೆಗಳ ಅತಿಥಿಗಳಿಗೆ ಕಾಲು ನೆನೆಯದೆ ಬಾತು ಹೊಡೆಯಲು ಅನುಕೂಲವಾಗಲಿ ಎಂದು. ನಾವು ಸೈಕಲ್ಲು ತುಳಿಯುತ್ತಿದ್ದ ಏರಿಯೂ ಅಂಥ ಏರಿಗಳಲ್ಲಿ ಒಂದು.

ಗುಡಿಯ ಹತ್ತಿರ ರಿಕ್ಷಾ ನಿಂತಿತು. ದೇವರಿಗೆ ಕೈ ಮುಗಿದು ಹಿಂದಿರುಗುವಾಗ ಎದುರಿಗೇ ಆ ಕಲ್ಲು ಕಂಡಿತು.

ಅದು ಶಾಸನವಲ್ಲ, ಶಾಸನಕ್ಕಿಂತ ಹೆಚ್ಚಾಗಿ ಕಚೇರಿಯ ದಾಖಲೆ ಪುಸ್ತಕದ ಒಂದು ಪುಟವನ್ನು ಕಲ್ಲಿನ ಮೇಲೆ ಬಿಡಿಸಿಟ್ಟಂತಿದೆ. ಗೆರೆ ಎಳೆದ ಹಾಗೆ ಸಾಲುಸಾಲಾಗಿ ತಾರೀಖು, ಯಾರ ಗೌರವಾರ್ಥ, ಬಂದೂಕುಗಳೆಷ್ಟು, ಬಿದ್ದ ಹಕ್ಕಿಗಳೆಷ್ಟು. ಮೊದಲನೆಯ ನಮೂದು 1902ನೆಯ ಡಿಸೆಂಬರಿನದು, ವೈಸರಾಯ್ ಲಾರ್ಡ್ ಕರ್ಜನ್, ಹಕ್ಕಿ 540. ಹಾರ್ಡಿಂಜ್, ಚೆಲ್ಮ್ಸ್‌ಫರ್ಡ್ ಇವರ ಕಾಲಕ್ಕೆ ನಾಲ್ಕು ಸಾವಿರ ದಾಟಿದೆ. 1938ನೆಯ ನವೆಂಬರ್ 12ರಂದು ಲಾರ್ಡ್ ಲಿನ್‌ಲಿತ್‌ಗೋ ಬಂದಾಗ ಎಲ್ಲವನ್ನೂ ಮೀರಿಸಿ 4,273. ಒಂದೇ ದಿನ! ಲೆಕ್ಕದ ಚಟ ನಮ್ಮನ್ನು ಎಲ್ಲಿಯೂ ಬಿಡುವುದಿಲ್ಲ. ಹತ್ತು ಗಂಟೆಯ ಕಾಲ ಎಡೆಬಿಡದೆ ಹೊಡೆದರೆಂದು ಇಟ್ಟುಕೊಂಡರೂ ನಿಮಿಷಕ್ಕೆ ಏಳು ಹಕ್ಕಿಗಿಂತ ಹೆಚ್ಚಾಯಿತು. ಸ್ವಾತಂತ್ರ್ಯ ಬಂದೊಡನೆ ಕಲ್ಲು ಮುಗಿದಿರಬೇಕೆಂದು ನೀವು ಊಹಿಸಿದರೆ ಅದೂ ತಪ್ಪು. ನಮ್ಮವರ ಹೆಸರುಗಳೂ ಇವೆ, 1964ರವರೆಗೆ.

ಮಗ ಕೇಳಿದ: “ಅಷ್ಟು ಹಕ್ಕಿಯನ್ನು ಎಣಿಸಿದವರು ಯಾರು?”

ರಿಕ್ಷಾದವನು ನಕ್ಕ. “ನಮ್ಮ ಅಜ್ಜ ಎಣಿಸಿದವರಲ್ಲಿ ಒಬ್ಬ” ಎಂದ. ಎಣಿಸುವುದಕ್ಕಿಂತ ಮುಂಚೆ ಹೆಕ್ಕಬೇಕಲ್ಲ! ಸುತ್ತಲ ಹಳ್ಳಿಗಳ ಗಂಡಸರನ್ನು ಕರೆಸುತ್ತಿದ್ದರಂತೆ. ಬೆಳಗಿನ ಜಾವದ ಚಳಿಯಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು ಕೂಗಿ ಹಕ್ಕಿಯನ್ನು ಎಬ್ಬಿಸುವವರು ಕೆಲವರು. ಬಿದ್ದದ್ದನ್ನು ಈಜಿ ತರುವವರು ಕೆಲವರು. ಅಜ್ಜನಿಗೆ ಮುಪ್ಪಿನಲ್ಲಿ ಕೀಲು ಹಿಡಿದುಕೊಂಡದ್ದು ವೈಸರಾಯರ ನೀರಿನಿಂದ ಎಂದು ಮನೆಯಲ್ಲಿ ಇವತ್ತಿಗೂ ಹೇಳುತ್ತಾರಂತೆ. ನಾವು ಮತ್ತೊಮ್ಮೆ ಕಲ್ಲನ್ನು ನೋಡಿದೆವು. ಬಂದೂಕಿಗೆ ಒಂದು ಕಲಮು ಇದೆ. ಹಕ್ಕಿಗೆ ಒಂದು ಕಲಮು ಇದೆ. ನೀರಿನಲ್ಲಿ ನಿಂತವರಿಗೆ ಕಲಮು ಇಲ್ಲ.

ಮಾವನವರು ಬಹಳ ಹೊತ್ತು ಮಾತಾಡಲಿಲ್ಲ. ಅವರಿಗೆ ಹಕ್ಕಿಗಳ ಮೇಲಿನ ಕರುಣೆಯಿಂದ ಗಂಟಲು ಕಟ್ಟಿತ್ತೆಂದು ಹೇಳಿದರೆ ಅದು ಬರವಣಿಗೆಯ ಸುಳ್ಳಾದೀತು. ಗುಡಿಯ ಕಟ್ಟೆಯ ಮೇಲೆ ಕುಳಿತು, ಎಲೆಯಡಕೆ ಹಾಕಿಕೊಂಡು, ಕೊನೆಗೆ ಅವರು ಹೇಳಿದ್ದು ಇಷ್ಟು: “ಇದು ಬೇಟೆ ಅಲ್ಲ ಮಾರಾಯರೆ. ಇವರು ಯಾರನ್ನೂ ಕೇಳಬೇಕಾಗಿಯೇ ಇರಲಿಲ್ಲ.”

ಆಮೇಲೆ ತಮ್ಮ ಊರಿನ ಒಂದು ಪ್ರಸಂಗವನ್ನು ತೆಗೆದರು. ಅವರಿಗೆ ಆಗ ಇಪ್ಪತ್ತು ವರ್ಷ. ಅಂದರೆ 1967ರ ಸುಮಾರು. ಆ ಕಾಲಕ್ಕೆ ಕಾನೂನಿನಂತೆ ಬೇಟೆಯಾಡಲು ಹೊರಗಿನವರಿಗೆ ಒಂದು ದಾರಿಯಿತ್ತು. ಸರ್ಕಾರದ ಮೀಸಲು ಕಾಡುಗಳನ್ನು ‘ಷೂಟಿಂಗ್ ಬ್ಲಾಕು’ಗಳೆಂದು ಹಂಚಿದ್ದರು. ಅರಣ್ಯಾಧಿಕಾರಿಗೆ ಅರ್ಜಿ ಹಾಕಿ, ಹಣ ಕಟ್ಟಿ, ಇಂಥ ಬ್ಲಾಕಿನಲ್ಲಿ ಇಷ್ಟು ದಿವಸ, ಇಂಥ ಪ್ರಾಣಿ ಇಷ್ಟು ಎಂದು ಪರವಾನಗಿ ಪಡೆಯಬೇಕು. ಪೇಟೆಯಿಂದ ಇಬ್ಬರು ದೊಡ್ಡ ಮನುಷ್ಯರು ಅಂಥ ಪರವಾನಗಿ ಹಿಡಿದುಕೊಂಡು ಜೀಪಿನಲ್ಲಿ ಬಂದರು. ಸರ್ಕಾರಿ ಕಾಡಿನಲ್ಲಿ ಹಂದಿಗೆ ಈಡು ಹೊಡೆದರು. ಗಾಯಗೊಂಡ ಹಂದಿ ಗಡಿಕಲ್ಲು ನೋಡಿಕೊಂಡು ಓಡುತ್ತದೆಯೆ? ಕಾಡು ದಾಟಿ, ನೆರೆಯವರ ಸೊಪ್ಪಿನ ಬೆಟ್ಟ ದಾಟಿ, ಅಡಿಕೆಯ ಹೊಸ ತೋಟಕ್ಕೆ ನುಗ್ಗಿತು. ದೊಡ್ಡ ಮನುಷ್ಯರೂ ಅವರ ಆಳುಗಳೂ ನಾಯಿಗಳೂ ಹಿಂದೆ ನುಗ್ಗಿದರು. ಹಂದಿ ತೋಟದ ಕಪ್ಪಿನಲ್ಲಿ ಬಿತ್ತು. ಅದರ ಜೊತೆಗೆ ಎರಡು ಸಾಲು ಎಳೆಯ ಸಸಿಯೂ ಬಿತ್ತು.

ತೋಟದ ಯಜಮಾನರು ಮಾವನವರ ದೊಡ್ಡಪ್ಪ. ಜೀಪಿನವರು ಪರವಾನಗಿಯ ಕಾಗದ ತೋರಿಸಿದರು. ದೊಡ್ಡಪ್ಪನವರಿಗೆ ಓದು ಬಾರದು. ಮಾವನವರೇ ಓದಿ ಹೇಳಿದರು. “ಇದು ಸರ್ಕಾರದ ಕಾಡಿಗೆ ಅಪ್ಪಣೆ. ನನ್ನ ಬೇಲಿಗೆ ಯಾರ ಅಪ್ಪಣೆ?” ಎಂದು ಅವರು ಕೇಳಿದರಂತೆ. ನಷ್ಟದ ಹಣ ಕೊಡುತ್ತೇವೆಂದರು; ತೆಗೆದುಕೊಳ್ಳಲಿಲ್ಲ. “ದಣಪೆ ತೆಗೆಯುವ ಮೊದಲು ಅಂಗಳಕ್ಕೆ ಬಂದು ಒಂದು ಮಾತು ಕೇಳಿದ್ದರೆ ನಾನೇ ಹಳು ನುಗ್ಗಿಸಿ ಹಂದಿ ಎಬ್ಬಿಸಿಕೊಡುತ್ತಿದ್ದೆ, ಊಟಕ್ಕೂ ಹಾಕುತ್ತಿದ್ದೆ” ಎಂದು ಹೇಳಿ, ಹಂದಿಯನ್ನು ಮಾತ್ರ ಒಯ್ಯಲು ಬಿಡಲಿಲ್ಲ. ಅದು ಊರಿನಲ್ಲಿ ಪಾಲಾಯಿತು: ಹಳು ನುಗ್ಗಿದವರಿಗೆ ಪಾಲು, ನಾಯಿಗೆ ಪಾಲು, ಹೊಡೆದವರಿಗೂ ಒಂದು ಪಾಲು. ಜೀಪಿನ ಹಿಂದುಗಡೆ ದೊಡ್ಡಪ್ಪನವರೇ ಅದನ್ನು ಇಡಿಸಿ ಕಳಿಸಿದರಂತೆ. “ನಮ್ಮ ಬೇಟೆಗೂ ಲೆಕ್ಕ ಇತ್ತು. ಆದರೆ ಅದು ಹಂಚುವುದರ ಲೆಕ್ಕ” ಎಂದರು ಮಾವನವರು.

ಮಾವನವರ ಮಾತನ್ನು ಪೂರ್ತಿ ಒಪ್ಪುವುದು ನಮಗೆ ಕಷ್ಟ. ಊರಿನವರು ಹಂಚಿಕೊಂಡು ತಿಂದ ಮಾತ್ರಕ್ಕೆ ಕಾಡಿನ ಪ್ರಾಣಿ ಉಳಿಯಲಿಲ್ಲ ಎಂಬುದು ಅವರಿಗೂ ಗೊತ್ತು. ಕಡವೆ ಕಾಣದೆ ಎಷ್ಟು ವರ್ಷವಾಯಿತೆಂದು ಅವರೇ ಬೇರೆ ಸಮಯದಲ್ಲಿ ಹೇಳಿದ್ದುಂಟು. ಹೇಳಿದರೆ ನೊಂದಾರೆಂದು ಸುಮ್ಮನಿದ್ದೆವು.

ನೆಲದ ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ಮುಚ್ಚುತ್ತದೆ ಎಂಬುದೇ ಬೇಟೆಯ ಇತಿಹಾಸದ ತಿರುಳೆಂದು ನಮಗೆ ಅನ್ನಿಸುತ್ತದೆ. ಕೋವಿ ಯಾರಲ್ಲಿದೆ ಎಂಬುದು ಆಮೇಲಿನ ಮಾತು. ನಮ್ಮ ಮೈಸೂರಿನಲ್ಲೂ ಬಂಡೀಪುರದ ಕಡೆಯ ಕಾಡು ಮಹಾರಾಜರ ಬೇಟೆಯ ಮೀಸಲಾಗಿತ್ತು. ಅಲ್ಲಿ 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ರಾಜರು ಬೇಟೆಗೆಂದು ಕಾಯ್ದಿಟ್ಟ ನೆಲವೇ ಪ್ರಾಣಿಗೆ ಉಳಿದ ನೆಲವಾದದ್ದು ಒಂದು ವಿಚಿತ್ರ, ಆದರೆ ನಿಜ. ಭರತಪುರದ್ದೂ ಅದೇ ಕಥೆ. ಸ್ವಾತಂತ್ರ್ಯದ ಹೊತ್ತಿಗೆ ಈ ನೀರನ್ನು ಬಸಿದು ಹೊಲ ಮಾಡಿಕೊಡಬೇಕೆಂದು ಸುತ್ತಲ ರೈತರು ಒತ್ತಾಯಿಸಿದರು. ಅದನ್ನು ತಪ್ಪಿಸಲು ಪಕ್ಷಿತಜ್ಞ ಸಲೀಂ ಅಲಿಯವರು ಜವಹರಲಾಲ್ ನೆಹರೂ ಅವರವರೆಗೂ ಹೋಗಬೇಕಾಯಿತು. ಕನ್ನಡಿಗರಿಗೆ ಈ ಹೆಸರು ಹೊಸದಲ್ಲ: 1940ರಲ್ಲಿ ನಮ್ಮ ರಂಗನತಿಟ್ಟು ಪಕ್ಷಿಧಾಮವಾದುದು ಇವರು ಮೈಸೂರಿನ ಅರಸರಿಗೆ ಹೇಳಿ ಒಪ್ಪಿಸಿದ್ದರಿಂದ. ಘನಾ 1956ರಲ್ಲಿ ಪಕ್ಷಿಧಾಮವಾಯಿತು. ಪಕ್ಷಿಧಾಮವೆಂದು ಹೆಸರಾದರೂ ಅಲ್ಲಿ ಬೇಟೆಯಾಡುವ ಹಕ್ಕು ಮಾಜಿ ಮಹಾರಾಜರಿಗೆ 1972ರವರೆಗೆ ಉಳಿದಿತ್ತು. ಕಲ್ಲಿನ ಮೇಲೆ 1964ರ ಸಾಲು ಹೇಗೆ ಬಂತೆಂಬ ನಮ್ಮ ಸಂದೇಹಕ್ಕೆ ಉತ್ತರ ಇದೇ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಆಗಲೂ ಬೇಟೆಯ ಪರವಾನಗಿಯೆಂಬುದು ಕಾಗದದ ಮೇಲೆ ಉಳಿದಿತ್ತು: ದೊಡ್ಡ ಬೇಟೆಗೊಂದು, ಸಣ್ಣ ಬೇಟೆಗೊಂದು ಎಂದು ಬಗೆಬಗೆಯ ಲೈಸೆನ್ಸುಗಳು. 1991ರ ತಿದ್ದುಪಡಿಯಲ್ಲಿ ಅವೂ ಹೋದವು. ಅಂದಿನಿಂದ ಈ ದೇಶದಲ್ಲಿ ಮನರಂಜನೆಗಾಗಿ ಕಾಡುಪ್ರಾಣಿಯನ್ನು ಬೇಟೆಯಾಡಲು ಒಂದು ಗೇಣು ನೆಲವೂ ಇಲ್ಲ. ಮಾವನವರ ಪುಸ್ತಕದಲ್ಲಿ ಅಚ್ಚಾಗಿರುವ ‘ಕ್ರೀಡೆ’ ಎಂಬ ಪದಕ್ಕೆ ಇವತ್ತು ಗುರಿಕಟ್ಟೆಯಲ್ಲಿ ಗುರಿ ಹೊಡೆಯುವುದು ಎಂದಷ್ಟೇ ಅರ್ಥ. ಇದನ್ನು ಗುಡಿಯ ಕಟ್ಟೆಯ ಮೇಲೆ ಕುಳಿತು ನಾವು ಅವರಿಗೆ ವಿವರಿಸಿದೆವು. ಅವರು, “ಗೊತ್ತು ಬಿಡಿ. ನಾನು ಕೋವಿ ಹೊಡೆದು ಇಪ್ಪತ್ತು ವರ್ಷ ಆಯಿತು. ಅದು ಮನೆಯಲ್ಲಿ ಇದ್ದುದಕ್ಕಿಂತ ಚುನಾವಣೆ ಚುನಾವಣೆಗೂ ಪೊಲೀಸು ಠಾಣೆಯಲ್ಲಿ ಇದ್ದದ್ದೇ ಹೆಚ್ಚು” ಎಂದು ನಕ್ಕರು.

ಕಥೆ ಇಲ್ಲಿಗೇ ಮುಗಿದಿದ್ದರೆ ಬೇಟೆಗಾರರು ಹೋದರು, ಹಕ್ಕಿಗಳು ಉಳಿದವು ಎಂದು ನಾವೂ ಸಂತೋಷದಿಂದ ಬರೆದುಬಿಡುತ್ತಿದ್ದೆವು. ರಿಕ್ಷಾದವನು ಮುಗಿಸಗೊಡಲಿಲ್ಲ.

ಗುಡಿಯಿಂದ ಮುಂದೆ ಹೋಗುತ್ತ ಅವನು ನೀರಿನ ಮೇಲೆ ಚಾಪೆ ಹಾಸಿದಂತೆ ಬೆಳೆದ ಹುಲ್ಲನ್ನು ತೋರಿಸಿದ. “ಬಾಬೂಜಿ, ಇದು ನಮ್ಮ ಎಮ್ಮೆಗಳ ಊಟ” ಎಂದ. ರಾಜರ ಕಾಲದಿಂದಲೂ ಸುತ್ತಲ ಹಳ್ಳಿಗಳ ದನ ಎಮ್ಮೆ ಘನಾದಲ್ಲಿ ಮೇಯುತ್ತಿದ್ದವು. ಬೇಟೆಯ ದಿನಗಳನ್ನು ಬಿಟ್ಟರೆ ಯಾರೂ ತಡೆಯುತ್ತಿರಲಿಲ್ಲ. ಅವನ ತಂದೆಗೆ ಹದಿನಾಲ್ಕು ಎಮ್ಮೆ. ಹುಡುಗನಾಗಿದ್ದಾಗ ಇವನೂ ಎಮ್ಮೆಯ ಬೆನ್ನಿನ ಮೇಲೆ ಕುಳಿತು ಇದೇ ನೀರನ್ನು ದಾಟಿದವನು. 1981ರ ಹೊತ್ತಿಗೆ ಗೋಡೆ ಎದ್ದಿತು. ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಕಾಯಿದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯುವಂತಿಲ್ಲ. 1982ರ ನವೆಂಬರಿನಲ್ಲಿ ಮೇವು ನಿಂತಿತು, ಹಳ್ಳಿಯವರು ತಿರುಗಿಬಿದ್ದರು, ಪೊಲೀಸರು ಗುಂಡು ಹಾರಿಸಿದರು, ಹಲವು ಮಂದಿ ಸತ್ತರು. ಇವನಿಗೆ ಆಗ ಹನ್ನೆರಡು ವರ್ಷ. ಗುಂಡಿನ ಸದ್ದನ್ನು ಮನೆಯ ಮಾಳಿಗೆಯಿಂದ ಕೇಳಿದ್ದನಂತೆ. ಆ ಚಳಿಗಾಲ ಕಳೆಯುವ ಮುಂಚೆ ಅವನ ತಂದೆ ಹನ್ನೊಂದು ಎಮ್ಮೆಗಳನ್ನು ಮಾರಿದ.

ನಮ್ಮ ಶ್ರೀಮತಿ ಮೆಲ್ಲಗೆ, “ಆ ಕಲ್ಲಿನ ಮೇಲೆ 1982ರ ಸಾಲಿಲ್ಲ, ನೋಡಿದಿರಾ?” ಎಂದರು.

ಹಕ್ಕಿಗಳಿಗಾದರೂ ಇದರಿಂದ ಒಳ್ಳೆಯದಾಯಿತೆ? ಅಲ್ಲಿಯೇ ಇರುವುದು ಇನ್ನೊಂದು ಸ್ವಾರಸ್ಯ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1980ರಿಂದ ಹತ್ತು ವರ್ಷ ಇಲ್ಲಿ ಕುಳಿತು ಅಧ್ಯಯನ ಮಾಡಿದರು. ಎಮ್ಮೆಗಳು ಹೋದ ಮೇಲೆ ಈ ನೀರುಹುಲ್ಲು ಯಾರ ಹಂಗೂ ಇಲ್ಲದೆ ಬೆಳೆದು ತೆರೆದ ನೀರನ್ನೆಲ್ಲ ಮುಚ್ಚಿತು, ಬಾತುಗಳಿಗೆ ಇಳಿಯಲು ಜಾಗ ಕಡಿಮೆಯಾಯಿತು, ಮೀನಿಗೂ ತೊಂದರೆಯಾಯಿತು. ಎಮ್ಮೆಯೂ ಈ ಕೆರೆಯ ಕೆಲಸಗಾರರಲ್ಲಿ ಒಂದಾಗಿತ್ತೆಂದು ಅವರ ವರದಿಯಿಂದ ತಿಳಿಯಿತು. ಆಮೇಲೆ ಹಳ್ಳಿಯವರಿಗೆ ಒಳಗೆ ಬಂದು ಕೈಯಿಂದ ಹುಲ್ಲು ಕೊಯ್ದು ಒಯ್ಯಲು ಬಿಟ್ಟರು. ಈಚಿನ ವರ್ಷಗಳಲ್ಲಿ, ನಮ್ಮ ಕಡೆ ಬಳ್ಳಾರಿ ಜಾಲಿ ಎನ್ನುವ ಪಿಡುಗು ಇಲ್ಲಿಯೂ ಹಬ್ಬಿದಾಗ, ಅದನ್ನು ಬೇರುಸಹಿತ ಕಿತ್ತು ಸೌದೆ ಮಾಡಿಕೊಳ್ಳಲು ಅದೇ ಹಳ್ಳಿಯವರನ್ನು ಕರೆದರು. ವೈಸರಾಯರ ಹಕ್ಕಿ ಹೆಕ್ಕಲು ಅಜ್ಜನನ್ನು ಕರೆದಂತೆ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ರಿಕ್ಷಾದವನಿಗೆ ಹಾಗೆ ಅನ್ನಿಸಿರಲಿಲ್ಲ. “ಸೌದೆ ನಮಗೇ ಸಿಕ್ಕಿತು ಬಾಬೂಜಿ, ಒಳ್ಳೆಯದೇ ಆಯಿತು” ಎಂದ. ಹಕ್ಕಿಯಿಂದ ಅವನ ಮನೆ ನಡೆಯುತ್ತಿದೆ. ಮಗಳು ಆಗ್ರಾದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಎಮ್ಮೆಯ ಮಾತು ಬಂದಾಗ ಮಾತ್ರ ಅವನು ಪೆಡಲು ತುಳಿಯುವುದನ್ನು ನಿಲ್ಲಿಸುತ್ತಿದ್ದ.

ಸೈಬೀರಿಯಾದ ಬಿಳಿ ಕ್ರೌಂಚಗಳನ್ನು ತೋರಿಸೆಂದು ಹುಡುಗ ಹಟ ಹಿಡಿದ. ಪಠ್ಯಪುಸ್ತಕದಲ್ಲಿ ಅದರ ಚಿತ್ರವಿದೆಯಂತೆ. ಅವು ಈಗ ಇಲ್ಲಿಗೆ ಬರುವುದಿಲ್ಲ. ಒಂದು ಕಾಲಕ್ಕೆ ಇಲ್ಲಿಗೆ ಚಳಿಗಾಲ ಕಳೆಯಲು ಬರುತ್ತಿದ್ದ ಹಿಂಡು ವರ್ಷವರ್ಷಕ್ಕೂ ಕರಗಿ, 2002ರಲ್ಲಿ ಕೊನೆಯ ಜೋಡಿ ಕಂಡಿತು; ಆಮೇಲೆ ಇಲ್ಲ. ಅವುಗಳ ದಾರಿ ಆಫ್ಘಾನಿಸ್ತಾನ, ಪಾಕಿಸ್ತಾನಗಳ ಮೇಲೆ. ದಾರಿಯುದ್ದಕ್ಕೂ ಕೋವಿಗಳು, ಬತ್ತಿದ ಕೆರೆಗಳು. ಇಲ್ಲಿ ಗೋಡೆ ಕಟ್ಟಿದವರಿಗೆ ಆಕಾಶಕ್ಕೆ ಗೋಡೆ ಕಟ್ಟಲಾಗಲಿಲ್ಲ. ನೀರಿಗೂ ಹಾಗೆಯೇ. ಮೇಲಿನ ಪಾಂಚನಾ ಅಣೆಕಟ್ಟಿನ ನೀರು ತಮ್ಮ ಹೊಲಕ್ಕೇ ಬೇಕೆಂದು ಅಲ್ಲಿಯ ರೈತರು ಹಿಡಿದುಕೊಂಡ ಮೇಲೆ ಘನಾ ಒಣಗಿ ನಿಂತ ವರ್ಷಗಳೂ ಇದ್ದವು. ಆಮೇಲೆ ದೂರದ ಚಂಬಲ್ ನದಿಯಿಂದ ಕೊಳವೆಯಲ್ಲೂ, ಗೋವರ್ಧನದ ಕಡೆಯ ನಾಲೆಯಿಂದಲೂ ನೀರು ತರಿಸಬೇಕಾಯಿತು.

ಸೂರ್ಯ ಮುಳುಗುವ ಹೊತ್ತಿಗೆ ಬಾಗಿಲಿಗೆ ಬಂದೆವು. ಹೆಬ್ಬಾತುಗಳು ಗೋಡೆಯಾಚೆಯ ಗೋಧಿ ಹೊಲಗಳ ಕಡೆಗೆ ಸಾಲುಗಟ್ಟಿ ಹಾರಿದವು. ಅವು ರಾತ್ರಿ ಮೇಯುವುದು ರೈತರ ಹೊಲದಲ್ಲಿಯೇ ಎಂದು ರಿಕ್ಷಾದವನು ಹೇಳಿದ. ಮಾವನವರು ತಲೆಯೆತ್ತಿ, “ಅವಕ್ಕೆ ಚೀಟಿ ಬೇಡವಲ್ಲ” ಎಂದರು. ಹೇಳಿದ ಬಾಡಿಗೆಯ ಮೇಲೆ ನಾವು ಕೊಡಹೋದ ಹಣವನ್ನು ತಡೆದು, ತಮ್ಮ ಜೇಬಿನಿಂದಲೇ ತೆಗೆದು ಅವನ ಕೈಯಲ್ಲಿಟ್ಟರು. ಇಬ್ಬರಿಗೂ ಒಂದು ಭಾಷೆ ಇರಲಿಲ್ಲ; ಆದರೂ ಎಮ್ಮೆಯ ತಳಿಯ ವಿಷಯವಾಗಿ ಇಬ್ಬರೂ ಕೈಸನ್ನೆಯಲ್ಲಿ ಕಾಲು ಗಂಟೆ ಮಾತಾಡಿದರು. ನಾವು ದುಭಾಷಿಯಾಗಲು ಹೋಗಿ ಇಬ್ಬರಿಗೂ ಅಡ್ಡಿಯಾದೆವು.

ಸಂಕ್ರಾಂತಿ ಮುಗಿಸಿಕೊಂಡು ಮಾವನವರು ಊರಿಗೆ ಹೊರಟರು. ಲೈಸೆನ್ಸಿನ ಮಾತು ಮತ್ತೆ ಬರಲಿಲ್ಲ. ನಾವಾಗಿ ಎತ್ತಲೂ ಇಲ್ಲ. ಫೆಬ್ರುವರಿಯಲ್ಲಿ ಒಂದು ರಾತ್ರಿ ಅವರ ಫೋನು ಬಂತು. ಹಂದಿ ಬಂದು ಗದ್ದೆಯ ಬದುವನ್ನೂ ಬಾಳೆಯನ್ನೂ ಅಗೆದು ಹಾಕಿದೆ. ಹೊಡೆಯಬೇಕೆಂದರೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಹೆದರಿಸಲು ಒಂದು ಈಡು ಗಾಳಿಗೆ ಹಾರಿಸೋಣವೆಂದರೆ ಅವರ ಹೆಗಲು ಈಗ ತಡೆಯದು. ಕೊನೆಗೆ ಹೇಳಿದರು: “ಆ ವರ್ಗಾವಣೆಯ ಅರ್ಜಿಯನ್ನು ನನ್ನ ತಮ್ಮನ ಹೆಸರಿಗೆ ಬರೆದು ಕಳಿಸಿ. ತೋಟದಲ್ಲಿ ಇರುವವನು ಅವನು. ನಿಮಗೆ ಬೇಜಾರಿಲ್ಲ ತಾನೆ?”

ನಮಗೆ ಬೇಜಾರಿರಲಿಲ್ಲ. ಮಗನನ್ನು ಸಮಾಧಾನ ಮಾಡುವುದು ಮಾತ್ರ ಎರಡು ದಿನದ ಕೆಲಸವಾಯಿತು. ಭಾನುವಾರ ಕುಳಿತು ಅರ್ಜಿ ಬರೆದೆವು. ‘ಉದ್ದೇಶ’ ಎಂಬ ಕಡೆ ಹಳೆಯ ಪುಸ್ತಕದಲ್ಲಿದ್ದ ‘ಕ್ರೀಡೆ’ಯನ್ನು ಬಿಟ್ಟು ‘ಬೆಳೆಯ ರಕ್ಷಣೆ’ ಎಂದು ತುಂಬಿ, ಓದಿ ಹೇಳಿದೆವು. ಅವರು ಹೂಂ ಎಂದರು; ಆಮೇಲೆ, ಭರತಪುರದಲ್ಲಿ ಈಗ ನೀರು ಎಷ್ಟಿದೆ ಎಂದು ಕೇಳಿದರು.